ಓದಿ ಮುಗಿಯುವ ತನಕ

ಸೊಣ್ಣಪ್ಪ ತನ್ನ ಸಣ್ಣ ಗೂಡ್ಸ್ ಗಾಡಿಯ ಹಿಂದಿನ ಹಲಗೆ ಇಳಿಸಿ, ಬಕೆಟ್ಟಿನಿಂದ ನೀರು ಸುರಿದು, ಪೊರಕೆ ಹಿಡಿದು ಗಸಗಸನೆ ಉಜ್ಜುತ್ತಿದ್ದ. ಮೊನ್ನೆಯವರೆಗೆ ಅದರಲ್ಲಿ ಈರುಳ್ಳಿ ಮೂಟೆ, ಸಿಮೆಂಟು, ಬಾಡಿಗೆ ಮನೆ ಬದಲಿಸುವವರ ಬೀರು ಮಂಚ ಎಲ್ಲ ಓಡಾಡಿದ್ದವು. ತಗಡಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಈರುಳ್ಳಿ ಸಿಪ್ಪೆಯನ್ನು ಅವನು ಉಗುರಿನಿಂದ ಕೆದಕಿ ಕೆದಕಿ ತೆಗೆದ. ಒಳಗೆ, ಚಂದಾಪುರದ ಆ ಬಾಡಿಗೆ ಮನೆಯ ನಡುಕೋಣೆಯಲ್ಲಿ, ನೆರೆಯ ಹೆಂಗಸರು ಅವನ ಹೆಂಡತಿ ಅನುಸೂಯಮ್ಮನಿಗೆ ಅರಿಸಿನ ಹಚ್ಚಿ ಮೀಯಿಸಿ, ಹಸಿರು ಸೀರೆ ಉಡಿಸುತ್ತಿದ್ದರು. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಯಾರೋ ಹೇಳಿದ್ದು ಕಿಟಕಿಯಿಂದ ಕೇಳಿಸಿತು.

ವರ್ತೂರಿನಿಂದ ಬಂದ ಅಣ್ಣ ಪಾಪಯ್ಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಊರಲ್ಲಿ ಹತ್ತು ಜನಕ್ಕೆ ಬುದ್ಧಿ ಹೇಳುವ ಮನುಷ್ಯ. ತಮ್ಮ ಹೀಗೆ ಗಾಡಿ ತೊಳೆಯುವುದು ಅವನಿಗೆ ಸರಿಬೀಳಲಿಲ್ಲ.

"ಏನ್ಲಾ ಸೊಣ್ಣ ಇದು. ಒಂದು ಆಂಬುಲೆನ್ಸ್ ಕರೆಸಿದ್ರೆ ಮುಗೀತಿತ್ತು. ನಾನಿಲ್ವಾ?"

"ಬ್ಯಾಡ ಕಣಣ್ಣ. ಆಸ್ಪತ್ರೆಗೂ ಇದ್ರಲ್ಲೇ ಕರ್ಕೊಂಡು ಓಗ್ತಿದ್ದೆ. ಇವತ್ತೂ ನಾನೇ ಕರ್ಕೊಂಡು ಓಗ್ತೀನಿ."

ಪಾಪಯ್ಯ ಮತ್ತೆ ಒತ್ತಾಯ ಮಾಡಲಿಲ್ಲ. ವರ್ತೂರಿನಲ್ಲಿ ಅಪ್ಪ ಅಮ್ಮನ ಸಮಾಧಿಯ ಪಕ್ಕ ಗುಂಡಿ ತೋಡಿಸಿಯಾಗಿತ್ತು. ಸುತ್ತಲ ಹೊಲವೆಲ್ಲ ಅಪಾರ್ಟ್‌ಮೆಂಟಿಗೆ ಹೋದರೂ ಕೆರೆಯ ಕಡೆಯ ಆ ಒಂದು ತುಂಡನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ದೊಮ್ಮಸಂದ್ರದ ಮೇಲೆ ಹೋದರೆ ಬಿಸಿಲೇರುವ ಮುಂಚೆ ಮುಟ್ಟಬಹುದು ಎಂದು ಲೆಕ್ಕ ಹಾಕಿದ. ಆಮೇಲೆ ಬೀದಿಯ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿ, ಅನುಸೂಯಮ್ಮನ ಯೂನಿಯನ್ನಿನವರು ಎಲ್ಲಿ, ಒಬ್ಬರೂ ಕಾಣುತ್ತಿಲ್ಲವಲ್ಲ ಎಂದ. ಅವನ ದನಿಯಲ್ಲಿ ಬೇಸರವೂ ಇತ್ತು, ನಾನು ಆಗಲೇ ಹೇಳಿರಲಿಲ್ಲವೇ ಎನ್ನುವ ಸಣ್ಣ ಸಮಾಧಾನವೂ ಇತ್ತು.

ಅದಕ್ಕೆ ಉತ್ತರ ಕೊಟ್ಟವಳು ಮಗಳು ಪ್ರಿಯಾಂಕಾ. ಅತ್ತು ಅತ್ತು ಅವಳ ಗಂಟಲು ಕಟ್ಟಿತ್ತು. ಅಮ್ಮ ದುಡಿಯುತ್ತಿದ್ದ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿನಿಂದ ಅವಳ ಜೊತೆಗಾತಿ ರಾಣಿ ಫೋನ್ ಮಾಡಿದ್ದಳಂತೆ. ಹೊಲಿಗೆ ಮೆಷಿನ್ನುಗಳನ್ನು ಸಾಗಿಸಲು ನಿನ್ನೆ ಸಂಜೆಯೇ ಲಾರಿಗಳು ಬಂದು ರಸ್ತೆಯ ಪಕ್ಕ ನಿಂತಿವೆ. ಗೇಟಿಗೆ ಅಡ್ಡ ಕೂತ ಹೆಂಗಸರು ಎದ್ದರೆ ಸಾಕು, ಒಳಗೆ ನುಗ್ಗುತ್ತವೆ. ಮೆಷಿನ್ ಹೋಯಿತೆಂದರೆ ಕಾರ್ಖಾನೆ ಹೋಯಿತು, ಅಷ್ಟೂ ಜನರ ಕೆಲಸ ಹೋಯಿತು. ಬರುವ ಹಾಗಿಲ್ಲ, ನಿಮ್ಮಪ್ಪನಿಗೆ ಹೇಳು ಎಂದು ರಾಣಿ ಫೋನಿನಲ್ಲೇ ಬಿಕ್ಕಿ ಬಿಕ್ಕಿ ಅತ್ತಿದ್ದಳು.

"ಜೀವ ಇರೋಗಂಟ ಅವ್ರಿಗೋಸ್ಕರ ದುಡುದ್ಲು," ಎಂದ ಪಾಪಯ್ಯ. "ಒಂದು ಹೂವ ಆಕಕ್ಕೆ ಒಬ್ರಿಲ್ಲ."

ಸೊಣ್ಣಪ್ಪ ಪೊರಕೆಯನ್ನು ಗೋಡೆಗೆ ಒರಗಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಗಾಡಿಯ ತಗಡನ್ನು ಒರೆಸಿದ. ಇನ್ನೇನೂ ಒರೆಸಲು ಉಳಿದಿಲ್ಲ ಎನ್ನುವಾಗ ತಲೆ ಎತ್ತಿದ.

"ಅವ್ರು ಬರಂಗಿಲ್ಲ ಅಂದ್ರೆ ನಾವೇ ಓಗನ ಅಣ್ಣ. ಗೇಟಿನ ಮುಂದಲಿಂದ ಓಗಿ, ಆಮ್ಯಾಕೆ ವರ್ತೂರಿಗೆ ಓಗನ."

ಪಾಪಯ್ಯ ತಮ್ಮನ ಮುಖವನ್ನೇ ನೋಡಿದ. ಪೊಲೀಸರನ್ನು ಕಂಡರೆ ಗಾಡಿ ತಿರುಗಿಸಿಕೊಂಡು ಹೋಗುವ ಮನುಷ್ಯ ಇವನು. ಇವತ್ತು ಹೆಣ ಇಟ್ಟುಕೊಂಡು ಪೊಲೀಸರಿದ್ದಲ್ಲಿಗೇ ಹೋಗೋಣ ಎನ್ನುತ್ತಿದ್ದಾನೆ.

*

ಸೊಣ್ಣಪ್ಪ ಹೀಗೆ ಹೆದರುಪುಕ್ಕಲನಾಗಿ ಹುಟ್ಟಿದವನಲ್ಲ. ಹರೆಯದಲ್ಲಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನಲ್ಲಿ ಕೆಲಸ ಮಾಡುತ್ತಿದ್ದ. ಒಂದು ಮಧ್ಯಾಹ್ನ ತಗಡು ಒತ್ತುವ ಪ್ರೆಸ್ಸಿನ ಬಾಯಿಗೆ ಸಿಕ್ಕಿ ಜೊತೆಗಾರ ಹನುಮಯ್ಯನ ಬೆರಳುಗಳು ತುಂಡಾದವು. ಆ ಮೆಷಿನ್ನು ಕೆಟ್ಟಿದೆ ಎಂದು ಎಲ್ಲರೂ ಎಷ್ಟೋ ಸಲ ಹೇಳಿದ್ದರು. ರಕ್ತ ನೋಡಿದವರಿಗೆ ತಡೆಯಲಾಗಲಿಲ್ಲ. ಆ ಗಳಿಗೆಯಲ್ಲೇ ಎಲ್ಲರೂ ಕೆಲಸ ಬಿಟ್ಟು ಹೊರಗೆ ಬಂದು ಕೂತರು. ಎಲ್ಲರಿಗಿಂತ ಮುಂದೆ ಕೂತವನು ಸೊಣ್ಣಪ್ಪ.

ವಾರಗಳು ಕಳೆದವು. ಪೊಲೀಸರು ಒಂದು ದಿನ ಲಾಠಿ ಬೀಸಿದರು. ಮನೆಗಳಲ್ಲಿ ಒಲೆ ತಣ್ಣಗಾಯಿತು. ಆಗ ಕಂಪನಿಯವರು ಒಬ್ಬೊಬ್ಬರನ್ನೇ ಕೋಣೆಗೆ ಕರೆದು, ಕಾಫಿ ಕೊಟ್ಟು, ಒಂದು ಕಾಗದ ಮುಂದಿಟ್ಟರು. ಸಹಿ ಹಾಕು, ನಾಳೆಯಿಂದ ಕೆಲಸಕ್ಕೆ ಬಾ ಎಂದರು. ಕಾಗದ ಇಂಗ್ಲಿಷಿನಲ್ಲಿತ್ತು. ದಣಿದಿದ್ದ ಸೊಣ್ಣಪ್ಪ ಸಹಿ ಹಾಕಿದ. ಮಾರನೆಯ ಬೆಳಿಗ್ಗೆ ಗೇಟಿನ ಕಾವಲುಗಾರ ಅವನನ್ನು ಒಳಗೆ ಬಿಡಲಿಲ್ಲ. ತಪ್ಪಾಗಿದೆ, ಸ್ವಂತ ಇಷ್ಟದಿಂದ ಕೆಲಸ ಬಿಡುತ್ತಿದ್ದೇನೆ ಎಂದು ಅವನೇ ಬರೆದುಕೊಟ್ಟ ಹಾಗಿತ್ತು ಆ ಕಾಗದ.

ಅಂದಿನಿಂದ ಕೆಂಪು ಬಾವುಟವನ್ನಾಗಲಿ ಖಾಕಿಯನ್ನಾಗಲಿ ಕಂಡರೆ ಅವನು ಬೇರೆ ಬೀದಿ ಹಿಡಿಯುತ್ತಿದ್ದ. ಪೀಣ್ಯ ಬಿಟ್ಟು ನಗರದ ಈ ದಿಕ್ಕಿಗೆ ಬಂದು ಬಾಡಿಗೆ ಗಾಡಿ ಹಿಡಿದ. ಅನುಸೂಯಮ್ಮ ಗಾರ್ಮೆಂಟ್ಸಿಗೆ ಸೇರಿ ಕಾಲರ್ ಹೊಲಿಯತೊಡಗಿದಳು. ಅಲ್ಲಿಯವರೆಗೆ ಸಂಸಾರ ಸರಿಯಾಗೇ ಇತ್ತು. ಆಮೇಲೆ ಅವಳು ಭಾನುವಾರಗಳಂದು ಸಿಂಗಸಂದ್ರಕ್ಕೆ ಹೋಗಲು ಶುರುಮಾಡಿದಳು. ಅಲ್ಲಿ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಯೂನಿಯನ್ನಿನವರು ಕಾರ್ಮಿಕರಿಗೆ ಪಾಠ ಮಾಡುತ್ತಿದ್ದರು. ಪಿ.ಎಫ್. ಎಂದರೇನು, ಓವರ್‌ಟೈಮ್ ಎಂದರೇನು, ಬಾಯಿಗೆ ಬಂದಂತೆ ಬೈಯುವ ಸೂಪರ್‌ವೈಸರನ ಮೇಲೆ ಯಾರಿಗೆ ದೂರು ಕೊಡಬೇಕು, ಇಂಥವು. ಸೊಣ್ಣಪ್ಪ ಕೂಗಾಡಿದ, ಊಟ ಬಿಟ್ಟ, ಈ ಆಟ ಎಲ್ಲಿಗೆ ಮುಗಿಯುತ್ತದೆಂದು ನನಗೆ ಗೊತ್ತು ಎಂದ. ಅವಳು ಅಡುಗೆ ಮಾಡಿಟ್ಟು ಬಸ್ಸು ಹತ್ತಿದಳು.

ಒಂದು ಭಾನುವಾರ ಸಂಜೆ ಸೊಪ್ಪು ಬಿಡಿಸುತ್ತಾ ಕೂತವಳು ಮೆಲ್ಲಗೆ ಕೇಳಿದಳು, ಆವತ್ತು ಪೀಣ್ಯದಲ್ಲಿ ಹೊರಗೆ ಬರುವ ಮುಂಚೆ ಕಂಪನಿಗೆ ನೋಟಿಸ್ ಕೊಟ್ಟಿದ್ದಿರಾ ಎಂದು. ಇಲ್ಲ ಎಂದ. ಸಹಿ ಹಾಕುವ ಮುಂಚೆ ಯಾರ ಹತ್ತಿರವಾದರೂ ಓದಿಸಿದ್ದಿರಾ ಎಂದು ಕೇಳಿದಳು.

"ನಿಮ್ಗೆ ಧೈರ್ಯ ಕಮ್ಮಿ ಇರ್ಲಿಲ್ಲ ಕಣ್ರಿ," ಎಂದಳು ಅನುಸೂಯಮ್ಮ. "ಹೇಳ್ಕೊಡೋರು ಇರ್ಲಿಲ್ಲ. ಅಷ್ಟೇ."

ಅವನು ಎದ್ದು ಹೊರಗೆ ಹೋಗಿ ಗಾಡಿಯಲ್ಲಿ ಕೂತ. ಇಷ್ಟು ವರ್ಷ ತಾನೊಬ್ಬ ಪೆದ್ದ, ಹೇಡಿ ಎಂದು ಒಳಗೊಳಗೇ ಕೊರಗಿದ್ದ. ಅದು ಹಾಗಲ್ಲ ಎಂದು ಅವಳು ಸೊಪ್ಪು ಬಿಡಿಸುತ್ತಾ ಹೇಳಿಬಿಟ್ಟಿದ್ದಳು. ಅವನು ಸ್ಟೇರಿಂಗ್ ಮೇಲೆ ತಲೆ ಇಟ್ಟು ಅತ್ತ. ಆದರೆ ಭಯ ಹೋಗಲಿಲ್ಲ. ಮುಂದೆ ಅವಳೇ ಪಾಠ ಮಾಡುವವಳಾಗಿ, ತಮ್ಮ ಮನೆಯ ನಡುಕೋಣೆಯಲ್ಲೇ ಹೆಂಗಸರು ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಮೆಟ್ಟಿಲವರೆಗೂ ಕೂರುವಂತಾದ ಮೇಲೂ ಅವನು ಒಂದು ದಿನ ಒಳಗೆ ಕೂತು ಕೇಳಿದವನಲ್ಲ. ಹೊರಗೆ ಗಾಡಿಯಲ್ಲಿ ಕೂತಿರುತ್ತಿದ್ದ. ಓದದೆ ಸಹಿ ಹಾಕಬಾರದು ಎಂದು ಒಳಗಿನಿಂದ ಎಲ್ಲರೂ ಒಟ್ಟಿಗೆ ಹೇಳುವುದು ಕೇಳಿಸುತ್ತಿತ್ತು. ಪೊಲೀಸ್ ಜೀಪು ಬೀದಿಗೆ ಬಂದರೆ ಮೊದಲು ತನಗೆ ಕಾಣಲಿ ಎಂದು ಅವನು ಅಲ್ಲಿ ಕೂರುತ್ತಿದ್ದದ್ದು.

*

ಗಾಡಿ ಚಂದಾಪುರದ ಸರ್ಕಲ್ಲಿನಲ್ಲಿ ದೊಮ್ಮಸಂದ್ರದ ಕಡೆ ಬಲಕ್ಕೆ ತಿರುಗದೆ ಹೊಸೂರು ರಸ್ತೆಯ ಮೇಲೆ ಬೊಮ್ಮಸಂದ್ರದ ಕಡೆ ಹೊರಟಿತು. ಹಿಂದೆ ಅನುಸೂಯಮ್ಮನ ತಲೆಯ ಬಳಿ ಪ್ರಿಯಾಂಕಾ, ಕಾಲ ಬಳಿ ನೆರೆಯ ಇಬ್ಬರು ಹೆಂಗಸರು. ಪಕ್ಕದ ಸೀಟಿನಲ್ಲಿ ಪಾಪಯ್ಯ ಮುಖ ಬಿಗಿದುಕೊಂಡು ಕೂತಿದ್ದ.

ಅಣ್ಣನಿಗೆ ಸೊಣ್ಣಪ್ಪ ಹೇಳದೇ ಇದ್ದ ಮಾತೊಂದಿತ್ತು.

ಕಿಡ್ನಿ ಕೈಕೊಟ್ಟು ಅನುಸೂಯಮ್ಮ ಮಲಗಿ ಬಹಳ ಕಾಲವಾಗಿತ್ತು. ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ಅವಳು ಮಲಗಿದಲ್ಲಿಂದಲೇ ರಾಣಿಯನ್ನೂ ಮಿಕ್ಕವರನ್ನೂ ಕೂರಿಸಿಕೊಂಡು ಹೇಳಿಕೊಟ್ಟಿದ್ದಳು. ಮೊದಲು ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿ, ಮುದ್ರೆ ಹಾಕಿಸಿಕೊಳ್ಳಿ. ಸರ್ಕಾರದ ಅನುಮತಿ ಇಲ್ಲದೆ ಇಷ್ಟು ದೊಡ್ಡ ಕಾರ್ಖಾನೆ ಮುಚ್ಚುವ ಹಾಗಿಲ್ಲ. ಆಮೇಲೆ ಗೇಟಿನ ಮುಂದೆ ಕೂತುಕೊಳ್ಳಿ. ಕಲ್ಲು ಎತ್ತಬೇಡಿ, ಗೇಟು ಬಿಡಬೇಡಿ.

ಇವತ್ತು ಬೆಳಕು ಹರಿಯುವ ಹೊತ್ತಿಗೆ ಅವಳಿಗೆ ಎಚ್ಚರವಾಗಿತ್ತು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಗಂಡನ ಕೈ ಹುಡುಕಿ ಹಿಡಿದುಕೊಂಡು, ಲಾರಿ ಒಳಕ್ಕೆ ಹೋದವಾ ಎಂದು ಕೇಳಿದಳು. ಸೊಣ್ಣಪ್ಪನಿಗೆ ಏನೂ ಗೊತ್ತಿರಲಿಲ್ಲ. ಯಾರಿಗೂ ಅವನು ಫೋನ್ ಮಾಡಿರಲಿಲ್ಲ.

"ಇಲ್ಲ ಕಣೆ. ವಾಪಸ್ ಓದ್ವಂತೆ."

"ಮೆಷಿನ್ನು?"

"ಎಲ್ಲ ಅಲ್ಲಲ್ಲೇ ಅವಂತೆ."

"ಸದ್ಯ," ಎಂದಳು. ಅವಳ ಮುಖದ ಗಂಟುಗಳೆಲ್ಲ ಸಡಿಲವಾದವು. ಮಗ್ಗುಲಾಗಿ ಮಲಗಿದಳು. ನಿದ್ದೆ ಬಂತು ಎಂದೇ ಅವನು ಅಂದುಕೊಂಡಿದ್ದ. ವರ್ಷಗಟ್ಟಲೆ ನೋವು ತಿಂದವಳು ಒಂದು ಸಣ್ಣ ನರಳಾಟವೂ ಇಲ್ಲದೆ ಹೋದದ್ದು ಅವನಿಗೆ ದೊಡ್ಡ ಸಮಾಧಾನವಾಗಿತ್ತು. ಆದರೆ ಆ ಸಮಾಧಾನದ ಅಡಿಯಲ್ಲಿ ತನ್ನ ಸುಳ್ಳು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಗೇಟಿಗೆ ಹೋಗಿ ಕಣ್ಣಾರೆ ನೋಡದೆ ಅವಳನ್ನು ಮಣ್ಣಿಗಿಡಲು ಅವನಿಗೆ ಮನಸ್ಸು ಬರಲಿಲ್ಲ.

ಕೈಗಾರಿಕಾ ಪ್ರದೇಶದ ಒಳರಸ್ತೆಗೆ ತಿರುಗುತ್ತಿದ್ದಂತೆ ಲಾರಿಗಳು ಕಂಡವು, ಒಂದರ ಹಿಂದೆ ಒಂದು. ಅವುಗಳಾಚೆ ಖಾಕಿ. ಅದರಾಚೆ, ಕಾರ್ಖಾನೆಯ ಗೇಟಿಗೆ ಅಡ್ಡಲಾಗಿ ನೀಲಿ ಟಾರ್ಪಾಲಿನ ಕೆಳಗೆ ನೂರಾರು ಹೆಂಗಸರು. ಇನ್ಸ್‌ಪೆಕ್ಟರ್ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿ, ಹಿಂದೆ ಏನಿದೆಯೆಂದು ನೋಡಿದ. ಹೆಣ ತಂದು ಗಲಾಟೆ ಎಬ್ಬಿಸುವ ಯೋಚನೆಯಾ, ಗಾಡಿ ತಿರುಗಿಸು ಎಂದ. ಸೊಣ್ಣಪ್ಪನ ಕೈ ತಾನಾಗಿ ರಿವರ್ಸ್ ಗೇರಿಗೆ ಹೋಯಿತು.

ಇಳಿದು ಮುಂದೆ ಬಂದವನು ಪಾಪಯ್ಯ. "ಅವ್ಳು ನನ್ ತಮ್ಮನ ಎಂಡ್ತಿ ಸಾಮಿ," ಎಂದ. "ಇಲ್ಲೇ ದುಡುದೋಳು. ಜೊತೇಲಿ ದುಡ್ದೋರು ಒಂದ್ಸಲ ಮಕ ನೋಡ್ಕೊಳ್ಳಲಿ. ಗಲಾಟೆ ಆದ್ರೆ ನನ್ನ ಕರ್ಕೊಂಡೋಗಿ." ಇನ್ಸ್‌ಪೆಕ್ಟರ್ ಆ ಬಿಳಿ ಮೀಸೆಯನ್ನೂ ಹಸಿರು ಸೀರೆಯ ಹೆಣವನ್ನೂ ಒಮ್ಮೆ ನೋಡಿ ಪಕ್ಕಕ್ಕೆ ಸರಿದ.

ಗಾಡಿ ಗೇಟಿನ ಮುಂದೆ ನಿಂತಿತು. ಇನ್ನೇನು ಎಲ್ಲರೂ ಎದ್ದು ನುಗ್ಗುತ್ತಾರೆ ಎಂದು ಸೊಣ್ಣಪ್ಪ ಅಂದುಕೊಂಡ. ಪೀಣ್ಯದಲ್ಲಿ ಹಾಗೆ ಎದ್ದು ನುಗ್ಗಿದ ಗಳಿಗೆಯಲ್ಲೇ ಲಾಠಿ ಬಿದ್ದಿತ್ತು. ಆದರೆ ಯಾರೂ ನುಗ್ಗಲಿಲ್ಲ. ರಾಣಿ ಎದ್ದು ನಿಂತಳು. ಮೂವತ್ತರ ಆಸುಪಾಸಿನ ಹೆಂಗಸು, ದಿನಗಟ್ಟಲೆ ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. ಹಿಂದಿನ ಸಾಲಿನವರು ಮೊದಲು ಬರಲಿ, ಅವರು ಹೋಗಿ ಕೂತ ಮೇಲೆ ಮುಂದಿನ ಸಾಲು, ಗೇಟಿಗೆ ಒರಗಿ ಕೂತವರು ಮಾತ್ರ ಕೊನೆಗೆ ಎಂದಳು. ಅವರು ಹಾಗೇ ಬಂದರು. ಅನುಸೂಯಮ್ಮನ ಪಾದ ಮುಟ್ಟಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತರು. ಒಂದು ಘೋಷಣೆ ಇಲ್ಲ.

ನಡುವೆ ಮುಂದಿನ ಲಾರಿ ಗುರ್ರ್ ಎಂದು ಶುರುವಾಯಿತು. ಕಂಪನಿಯ ಯಾರೋ ಡ್ರೈವರಿಗೆ ಕೈಸನ್ನೆ ಮಾಡಿದ್ದರು. ರಾಣಿ ಗೇಟಿನ ಸಾಲಿನವರ ಕಡೆ ತಿರುಗಿ, ಎದ್ದೇಳಬೇಡಿ ಎಂದಷ್ಟೇ ಅಂದಳು. ಲಾರಿ ಎರಡು ಮಾರು ಮುಂದೆ ಬಂದು, ಸೊಣ್ಣಪ್ಪನ ಗಾಡಿಯ ಬಳಿ ನಿಂತಿತು. ಡ್ರೈವರ್ ಕಿಟಕಿಯಿಂದ ಬಗ್ಗಿ ಕೆಳಗೆ ನೋಡಿದ. ಹೂವು, ಕುಂಕುಮ, ಕಣ್ಣು ಮುಚ್ಚಿದ ಮುಖ. ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಇಳಿದು ಬಂದು, ಚಪ್ಪಲಿ ಬಿಟ್ಟು ಕೈ ಮುಗಿದು, ಯಾರಣ್ಣ ಎಂದು ಸೊಣ್ಣಪ್ಪನನ್ನು ಕೇಳಿದ. ಅವನ ಹೆಸರು ಲೋಕೇಶ್. ಬಾಡಿಗೆಗೆ ಬಂದವನು, ಇಲ್ಲಿನ ಜಗಳ ಅವನಿಗೆ ಗೊತ್ತಿರಲಿಲ್ಲ.

ಆಗಲೇ ಕಾರ್ಮಿಕ ಇಲಾಖೆಯ ಜೀಪು ಬಂತು. ಹೆಂಗಸರ ಅರ್ಜಿ ಹಿಡಿದು ನಿನ್ನೆಯಿಂದ ಕಂಪನಿಯವರನ್ನು ಕೂರಿಸಿಕೊಂಡು ಮಾತಾಡಿದ್ದ ಅಧಿಕಾರಿ, ಅವರ ಮ್ಯಾನೇಜರನ್ನೂ ಜೊತೆಗೆ ಕರೆತಂದಿದ್ದರು. ಒಂದು ಒಪ್ಪಂದ ಆಗಿದೆ ಎಂದರು. ಮಾತುಕತೆ ಮುಗಿಯುವ ತನಕ ಒಂದು ಮೆಷಿನ್ನೂ ಕದಲುವ ಹಾಗಿಲ್ಲ, ಸೋಮವಾರ ಗೇಟು ತೆಗೆದು ಎಲ್ಲರಿಗೂ ಕೆಲಸ ಕೊಡಬೇಕು. ನಿಮ್ಮ ಕಡೆಯಿಂದ ಸಹಿ ಹಾಕಿದರೆ ಮುಗಿಯಿತು. ಹೆಂಗಸರ ನಡುವೆ ಗಾಳಿ ಬೀಸಿದಂತೆ ಒಂದು ಉದ್ಗಾರ ಹಾದುಹೋಯಿತು. ಕೆಲವರು ಅಳತೊಡಗಿದರು.

ರಾಣಿ ಕಾಗದಗಳನ್ನು ತೆಗೆದುಕೊಂಡಳು. ಪೆನ್ನು ತೆಗೆದುಕೊಳ್ಳಲಿಲ್ಲ.

"ಓದಿ ಹಾಕ್ತೀವಿ ಸಾರ್."

ಕಾಗದ ಇಂಗ್ಲಿಷಿನಲ್ಲಿತ್ತು. ರಾಣಿ ಗಾಡಿಯ ಬಳಿ ಬಂದು ಪ್ರಿಯಾಂಕಾಳ ಕೈಗೆ ಕೊಟ್ಟಳು. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯೊಂದರಲ್ಲಿ ಕೆಲಸ ಮಾಡುವ ಪ್ರಿಯಾಂಕಾ, ಭಾನುವಾರದ ಗದ್ದಲಕ್ಕೆ ಬೇಸತ್ತು ಗೆಳತಿಯರ ಮನೆಗೆ ಹೋಗುತ್ತಿದ್ದವಳು, ಅಮ್ಮನ ತಲೆಯ ಬಳಿಯಿಂದ ಎದ್ದು ನಿಂತು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳತೊಡಗಿದಳು. ಅವಳ ಒಡೆದ ದನಿ ಮೊದಮೊದಲು ಕೇಳಿಸುತ್ತಿರಲಿಲ್ಲ. ಬರುಬರುತ್ತಾ ಗಟ್ಟಿಯಾಯಿತು. ಗೊತ್ತಾಗದ ಕಡೆ ರಾಣಿ ತಡೆದು ಕೇಳುತ್ತಿದ್ದಳು. ಪ್ರಿಯಾಂಕಾ ಆ ಸಾಲನ್ನು ಮತ್ತೆ ಹೇಳುತ್ತಿದ್ದಳು.

ಬಿಸಿಲೇರಿತು. ಹೂವಿನ ಎಸಳುಗಳು ಬಾಡತೊಡಗಿದವು. ಪಾಪಯ್ಯ ಆಕಾಶ ನೋಡಿದ, ಗಡಿಯಾರ ನೋಡಿದ, ತಮ್ಮನ ತೋಳು ಹಿಡಿದ.

"ರಾಹುಕಾಲ ಬತ್ತದೆ ಕಣ್ಲಾ. ಎಷ್ಟೊತ್ತು ಇದು. ಸಹಿ ಆಕಿ ಅನ್ನು, ಓಗನ."

"ಓದ್ಲಿ ಬುಡಣ್ಣ," ಎಂದ ಸೊಣ್ಣಪ್ಪ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. "ಓದಿ ಮುಗಿಯೋಗಂಟ ಅವ್ಳೂ ಕಾಯ್ತಾಳೆ." ಆಮೇಲೆ ಮಗಳ ಕಡೆ ತಿರುಗಿ ಹೇಳಿದ, "ನಿಧಾನಕ್ಕೆ ಓದಮ್ಮ. ಒಂದಕ್ಷರ ಬಿಡ್ಬ್ಯಾಡ."

ಕೊನೆಯ ಹಾಳೆಯ ಅಡಿಯಲ್ಲಿ ಪ್ರಿಯಾಂಕಾ ನಿಂತಳು. ಕಾರ್ಮಿಕರು ತಮ್ಮ ಹಿಂದಿನ ಎಲ್ಲ ಬೇಡಿಕೆಗಳನ್ನೂ ಸ್ವಂತ ಇಷ್ಟದಿಂದ ಬಿಟ್ಟುಕೊಟ್ಟಿದ್ದಾರೆ ಎಂದಿತ್ತು. ಸ್ವಂತ ಇಷ್ಟ ಎಂಬ ಮಾತು ಕಿವಿಗೆ ಬಿದ್ದಾಗ ಸೊಣ್ಣಪ್ಪ ಗಾಡಿಯ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ರಾಣಿ ಕಾಗದವನ್ನು ಅಧಿಕಾರಿಗೆ ತೋರಿಸಿ, ಇದು ನಮ್ಮ ಮಾತಿನಲ್ಲಿ ಇರಲಿಲ್ಲ ಸಾರ್ ಎಂದಳು. ಅಧಿಕಾರಿ ಮ್ಯಾನೇಜರನ ಕಡೆ ನೋಡಿದರು. ಎಲ್ಲ ಒಪ್ಪಂದದಲ್ಲೂ ಇರುವ ಸಾಲು ಇದು ಎಂದ ಮ್ಯಾನೇಜರ್. ಇಬ್ಬರೂ ಪಕ್ಕಕ್ಕೆ ಹೋಗಿ ಸ್ವಲ್ಪ ಹೊತ್ತು ಮಾತಾಡಿದರು. ಯಾರಿಗೋ ಫೋನ್ ಹೋಯಿತು. ಹೆಂಗಸರು ಅಲುಗದೆ ಕೂತಿದ್ದರು. ಕೊನೆಗೆ ಮ್ಯಾನೇಜರ್ ಬಂದು ಆ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದ. ಆಮೇಲೆ ರಾಣಿ ಪೆನ್ನು ತೆಗೆದುಕೊಂಡಳು.

ಸೊಣ್ಣಪ್ಪ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ. "ಲಾರಿ ನಿಜ್ವಾಗ್ಲೂ ವಾಪಸ್ ಓಯ್ತಾ ಅವೆ ಕಣೆ," ಎಂದ.

ಅಲ್ಲಿಂದ ಹೊರಡುವಾಗ ಇನ್ನೊಂದು ಮಾತಾಯಿತು. ಕಾಗದ ಬಂದರೂ ಗೇಟು ಬಿಡುವುದು ಬೇಡ, ಸೋಮವಾರದವರೆಗೆ ಸ್ವಲ್ಪ ಜನ ಇರಲಿ ಎಂದು ರಾಣಿ ಹೇಳಿದಳು. ಮಿಕ್ಕವರು ವರ್ತೂರಿಗೆ ಹೇಗೆ ಬರುವುದೆಂದು ಯೋಚಿಸುತ್ತಿದ್ದಾಗ ಲೋಕೇಶ್ ತಲೆ ಕೆರೆದುಕೊಳ್ಳುತ್ತಾ ಬಂದ.

"ಹೆಂಗೂ ಖಾಲಿ ಹೋಗ್ಬೇಕು ಅಕ್ಕ. ಹತ್ಕೊಳಿ."

*

ಸುಡುಗಾಡಿಗೆ ಹೆಂಗಸರು ಬರುವ ಪದ್ಧತಿ ನಮ್ಮಲ್ಲಿಲ್ಲ ಎಂದು ಪಾಪಯ್ಯ ಬೆಳಿಗ್ಗೆ ಹೇಳಿದ್ದ. ಮಧ್ಯಾಹ್ನ, ಮೆಷಿನ್ನುಗಳಿಗೆಂದು ಬಂದಿದ್ದ ಲಾರಿಯಿಂದ ಒಬ್ಬೊಬ್ಬರೇ ಇಳಿದು ಕೆರೆಯ ಪಕ್ಕದ ಆ ತುಂಡು ನೆಲಕ್ಕೆ ನಡೆದು ಬಂದಾಗ ಅವನು ತಡೆಯಲಿಲ್ಲ. ಗಂಡಸರೊಂದಿಗೆ ಅವರೂ ಹೆಗಲು ಕೊಟ್ಟರು. ಪ್ರಿಯಾಂಕಾ ಮೊದಲ ಮಣ್ಣು ಹಾಕಿದಳು. ಆಮೇಲೆ ಎಲ್ಲರೂ. ಕಾಲರ್ ಹೊಲಿದು, ಕಾಜಾ ಮಾಡಿ, ಇಸ್ತ್ರಿ ಹಿಡಿದು ಗಟ್ಟಿಯಾದ ಕೈಗಳು ಹಿಡಿ ಹಿಡಿ ಮಣ್ಣು ಹಾಕಿ ಗುಂಡಿ ತುಂಬಿದವು. ಕೆರೆಯ ಕಡೆಯಿಂದ ನೊರೆಯ ವಾಸನೆ ಹೊತ್ತ ಗಾಳಿ ಬೀಸುತ್ತಿತ್ತು.

ಪಾಪಯ್ಯನ ಮನೆಗೆ ಬಂದು ಕೈಕಾಲು ತೊಳೆದು ದೀಪ ನೋಡಿದರು. ಬೀಗರ ಮನೆಯಿಂದ ಅನ್ನ, ಹುರುಳಿಕಾಳು ಸಾರು ಬಂದಿತ್ತು. ಪಾಪಯ್ಯನ ಹೆಂಡತಿ ಜಗುಲಿಯ ಮೇಲೆ ಎಲೆ ಹಾಸಿದಳು. ಹೆಂಗಸರು ತಲೆ ಎತ್ತದೆ ಉಂಡರು, ಗೇಟಿನ ಮುಂದೆ ಬನ್ನು ತಿಂದು ಟೀ ಕುಡಿದು ದಿನ ಕಳೆದವರು. ಉಂಡು ಕೈ ತೊಳೆದು, ಹೊರಡುವ ಮುಂಚೆ ಸ್ವಲ್ಪ ಬೆನ್ನು ನೀಡೋಣ ಎಂದು ಒಬ್ಬಳು ಕಂಬಕ್ಕೆ ಒರಗಿದಳು. ಅವಳ ಹೆಗಲಿಗೆ ಇನ್ನೊಬ್ಬಳು.

ಸೊಣ್ಣಪ್ಪ ಹಿತ್ತಲಲ್ಲಿ ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಜಗುಲಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ಮಲಗಿಬಿಟ್ಟಿದ್ದರು. ರಾಣಿ ಬಾಯಿ ತೆರೆದುಕೊಂಡು, ತೋಳನ್ನೇ ದಿಂಬು ಮಾಡಿಕೊಂಡು ಮಲಗಿದ್ದಳು. ಪ್ರಿಯಾಂಕಾ ಅವಳ ಬೆನ್ನಿಗೆ ಮುಖ ಒತ್ತಿ ಮಲಗಿದ್ದಳು. ದಾಟಿ ಹೋಗಲು ಕಾಲಿಡುವ ಜಾಗವಿರಲಿಲ್ಲ. ಸೊಣ್ಣಪ್ಪ ಮೆಟ್ಟಿಲ ಮೇಲೆ ಕೂತ. ಅವನಿಗೂ ಕಣ್ಣು ಎಳೆಯುತ್ತಿತ್ತು.

ಬೀದಿಯ ತಿರುವಿನಲ್ಲಿ ಬೈಕಿನ ಸದ್ದಾಯಿತು, ಸಾವಿನ ಮನೆಗೆ ಮಾತಾಡಿಸಲು ಬಂದ ಯಾರೋ ನೆಂಟ. ಪಾಪಯ್ಯ ಪಂಚೆ ಎತ್ತಿ ಕಟ್ಟಿಕೊಂಡು, ಬರಿಗಾಲಲ್ಲಿ ಓಡಿ ಹೋಗಿ, ಬೀದಿಯ ನಡುವೆ ಎರಡೂ ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸಿದ. ತುಟಿಯ ಮೇಲೆ ಬೆರಳಿಟ್ಟು, ಜಗುಲಿಯ ಕಡೆ ತೋರಿಸಿದ. ನೆಂಟ ಎಂಜಿನ್ ಆರಿಸಿ ಇಳಿದ. ಇಬ್ಬರೂ ಆಚೆ ಈಚೆ ಹಿಡಿದು, ಬೈಕನ್ನು ಸದ್ದಾಗದಂತೆ ತಳ್ಳಿಕೊಂಡು, ಮಲಗಿದ್ದ ಹೆಂಗಸರ ಮುಂದೆ ಮೆಲ್ಲಗೆ ದಾಟಿಸಿದರು.